ಮೂರೂ ಹತ್ತಕ್ಕೆ ಬರುವ ಹೆಸರು

ಯುಗಾದಿ ಮುಗಿದ ವಾರ ನಿವೃತ್ತ ಟೀಚರ್ ಅನ್ನಮ್ಮನ ಮನೆಗೆ ಹೊಸ ವೈಫೈ ಡಬ್ಬಿ ಬಂತು. ಅದಕ್ಕೆ ನಾಲ್ಕು ಕಡ್ಡಿಗಳಿದ್ದವು. ಹಳೆಯದಕ್ಕೆ ಇದ್ದದ್ದು ಒಂದೇ ಕಡ್ಡಿ, ಅದೂ ಬುಡದಲ್ಲಿ ಮುರಿದು, ಕರಿ ಟೇಪು ಸುತ್ತಿಸಿಕೊಂಡು ಐದು ವರ್ಷ ನಿಂತಿತ್ತು. ಟೇಪು ಸುತ್ತಿದವರು ಅನ್ನಮ್ಮನ ಗಂಡ ದೇವಿಂದ್ರಪ್ಪ. ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ಸುರಪುರ, ಹುಣಸಗಿ, ಶಹಾಪುರದ ಕಂಬಗಳನ್ನೆಲ್ಲ ಮೂವತ್ತನಾಲ್ಕು ವರ್ಷ ಹತ್ತಿಳಿದವರು. ಕಾರ್ತಿಕದಲ್ಲಿ ತೀರಿಕೊಂಡಿದ್ದರು.

ಹೊಸದು ಬೇಕೆಂದು ಹಠ ಹಿಡಿದವಳು ಮೊಮ್ಮಗಳು ಮೌನೇಶ್ವರಿ. ಬಿ.ಎಸ್ಸಿ. ಮುಗಿಸಿ ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದಳು. ಆನ್‌ಲೈನಿನಲ್ಲಿ ಅಭ್ಯಾಸದ ಪರೀಕ್ಷೆ ಬರೆಯುವಾಗ ನಾಲ್ಕು ಸಲ ನಡುವೆಯೇ ನೆಟ್ ಹೋಗಿತ್ತು, ನಾಲ್ಕೂ ಸಲ ಅವಳು ಊಟ ಬಿಟ್ಟಿದ್ದಳು. ಅವಳ ಅಪ್ಪ ಭೀಮೇಶ ಸುರಪುರ ಡಿಪೋದಲ್ಲಿ ಬಸ್ ಕಂಡಕ್ಟರು. ಬಸ್ಸಿನ ತುಂಬ ಜನರನ್ನು ಗದರಿಸುವ ಮನುಷ್ಯ, ಮಗಳ ಉಪವಾಸಕ್ಕೆ ಹೆದರಿ ಡಬ್ಬಿ ತಂದ.

ಬಸ್ ಸ್ಟ್ಯಾಂಡಿನ ಹತ್ತಿರ ನೆಟ್ಟಿನ ಅಂಗಡಿ ಇಟ್ಟಿರುವ ಗಯಾಸ ಬಂದು ಅದನ್ನು ಪಡಸಾಲೆಯ ಗೋಡೆಗೆ ಕೂಡಿಸಿದ.

"ಭಾರಿ ಮಾಲು ಅದರಿ ಟೀಚರಮ್ಮ. ಇದರ ರೇಂಜು ಹಿಂದಿನ ಗುಡ್ಡದ ತನಕಾ ಹೋಗತದ ನೋಡ್ರಿ."

ಹಿಂದಿನ ಗುಡ್ಡದ ಮಗ್ಗುಲಲ್ಲೇ ಅವರ ಮನೆತನದವರನ್ನು ಹೂಳುವ ಜಾಗ. ಅನ್ನಮ್ಮ ಗಯಾಸನ ಚಹಾದ ತಾಟಿನಲ್ಲಿ ಇನ್ನೆರಡು ಬಿಸ್ಕೀಟು ಇಟ್ಟಳು.

ಮೌನೇಶ್ವರಿಯ ಫೋನು, ಭೀಮೇಶನ ಫೋನು ಹೊಸದಕ್ಕೆ ಚಟ್ಟನೆ ಹತ್ತಿಕೊಂಡವು. ಅನ್ನಮ್ಮನ ಟ್ಯಾಬು ಮಾತ್ರ ತಿರುಗಿತು, ತಿರುಗಿತು, ಕೊನೆಗೆ ಆಗುವುದಿಲ್ಲ ಎಂದಿತು. ಸೊಸೆ ಸುಮಲತಾಳ ಅಂಗನವಾಡಿ ಫೋನೂ ಅದೇ ಮಾತು ಹೇಳಿತು.

"ಹಳೇ ಮಾಲಿಗೆ ಹೊಸಾದು ಹತ್ತಂಗಿಲ್ರಿ," ಎಂದ ಗಯಾಸ.

"ಹತ್ತಂಗಿಲ್ಲಂದ್ರ? ಮಕ್ಕಳ ಹಾಜರಿ ನಾ ಎಲ್ಲಿಂದ ಹಾಕಲಿ? ಗುಡ್ಡ ಹತ್ತಿ ನಿಂತು ಹಾಕಲೇನು?" ಎಂದಳು ಸುಮಲತಾ.

"ಹಂಗಾರ ಹಳೇದೂ ಹಿಂದ ನಡೀಲಿ ಬಿಡ್ರಿ."

ಹಳೆಯದು ಹಿಂದಿನ ಕೋಣೆಯಲ್ಲೇ ಉಳಿಯಿತು. ಅನ್ನಮ್ಮನಿಗೆ ಒಳಗೊಳಗೇ ಸಮಾಧಾನವಾಯಿತು. ಆ ಕೋಣೆಗೊಂದು ಹಿತ್ತಲ ಬಾಗಿಲು. ದೇವಿಂದ್ರಪ್ಪನವರನ್ನು ಹೊತ್ತು ನಡೆದದ್ದು ಆ ಬಾಗಿಲಿನಿಂದ. ಅಂದು ಹಾಕಿದ ಅಗಳಿಯನ್ನು ಅನ್ನಮ್ಮ ಮತ್ತೆ ತೆಗೆದಿರಲಿಲ್ಲ, ಬೇರೆಯವರಿಗೂ ತೆಗೆಯಲು ಬಿಟ್ಟಿರಲಿಲ್ಲ. ಆಚೆ ಓಣಿಯಲ್ಲಿ ಅವರು ಟೆಲಿಫೋನ್ ತಂತಿ ಕಟ್ಟಿ ಹಬ್ಬಿಸಿದ ಮಲ್ಲಿಗೆಯ ಬಳ್ಳಿ ಇತ್ತು. ಕಿಟಕಿಯಿಂದ ನೋಡಿದರೆ ಅದರ ಪಾತಿ ಕಾಣುತ್ತಿತ್ತು. ಐದು ತಿಂಗಳಿಂದ ಈ ಮನೆಯವರ್ಯಾರೂ ಅದಕ್ಕೆ ನೀರು ಹಾಕಿರಲಿಲ್ಲ. ಆದರೂ ದಿನಾ ನಾಲ್ಕು ಗಂಟೆಗೆ ಪಾತಿ ಒದ್ದೆಯಾಗಿರುತ್ತಿತ್ತು. ಕೆಲವು ದಿನ ಮೂರು ಗಂಟೆಯ ಮೇಲೆ ಮುಚ್ಚಿದ ಬಾಗಿಲಿನ ಆಚೆ ಪಿಸುಪಿಸು ಮಾತು ಕೇಳುತ್ತಿತ್ತು. ಅನ್ನಮ್ಮ ಇದನ್ನು ಯಾರಿಗೂ ಹೇಳಿರಲಿಲ್ಲ. ಬಾಗಿಲು ತೆರೆದರೆ ನಿಂತುಹೋದೀತೆಂದು ತೆರೆದೂ ನೋಡಿರಲಿಲ್ಲ.

ಹತ್ತು ದಿನ ಎರಡೂ ಡಬ್ಬಿಗಳು ಜೊತೆಯಲ್ಲಿ ನಡೆದವು. ಹನ್ನೊಂದನೆಯ ದಿನ ಮೌನೇಶ್ವರಿಯ ಐದನೆಯ ಪರೀಕ್ಷೆಯೂ ನಡುವೆ ಹರಿಯಿತು.

"ಎರಡೂ ಒಂದ ಹಾದಿ ಮ್ಯಾಲ ಗುದ್ದಾಡಾಕತ್ತಾವ," ಎಂದಳು ಅವಳು, ಪುಂಡಿಪಲ್ಯದ ಬಟ್ಟಲನ್ನು ದೂಡಿ. "ಹಳೇದು ಬಂದ್ ಮಾಡ್ರಿ, ಇಲ್ಲಂದ್ರ ನಾ ಕಲಬುರಗಿಗೆ ಹೋಗಿ ಪಿ.ಜಿ.ನ್ಯಾಗ ಇರತೀನಿ."

"ಉಣ್ಣು ಮೊದಲ," ಎಂದಳು ಸುಮಲತಾ.

"ಉಣ್ಣಂಗಿಲ್ಲ."

"ಹಂಗಾರ ನನ್ನ ಟ್ಯಾಬು?" ಎಂದಳು ಅನ್ನಮ್ಮ.

ಭೀಮೇಶ ರೊಟ್ಟಿ ಮುರಿಯುತ್ತ ತಲೆ ಎತ್ತಲಿಲ್ಲ. "ಅವ್ವಾ, ಹೊಸಾ ಟ್ಯಾಬು ಕೊಡಸ್ತೀನಿ."

"ನಾ ಹೊಸಾದು ಕೇಳಿಲ್ಲ. ಇದ್ದದ್ದು ನಡೀತದಿಲ್ಲೋ ಅಂತ ಕೇಳೀನಿ."

ಮರುದಿನ ಗಯಾಸ ಮತ್ತೆ ಬಂದ. ಹೊಸ ಡಬ್ಬಿಯ ಒಳಗಿನ ಪುಟ ತೆರೆದು ಏನೇನೋ ನೋಡಿ ನಕ್ಕ. "ನಂದ ತಪ್ಪರಿ. ಇದಕ್ಕ ಎರಡು ಬಾಗಲಾ ಅವ. ಒಂದು ಹೊಸಾ ಫೋನಿಗೆ, ಒಂದು ಹಳೇವಕ್ಕ. ಹಳೇ ಬಾಗಲಕ್ಕ ಹಳೇ ಹೆಸರು, ಹಳೇ ಪಾಸ್‌ವರ್ಡು, ಹಳೇ ನಮೂನಿ ಬೀಗ ಇಟ್ಟಬಿಟ್ರ ಮುಗೀತು. ಹಳೇ ಮಾಲು ತಾವಾಗೇ ಒಳಗ ಬರತಾವ. ಡಬ್ಬಿ ಬದಲಾಗಿದ್ದು ಅವಕ್ಕ ಮಾಲೂಮನ ಆಗಂಗಿಲ್ಲ."

ಹಳೆಯ ಪಾಸ್‌ವರ್ಡು ಯಾರಿಗೂ ಬಾಯಿಗೆ ಗೊತ್ತಿರಲಿಲ್ಲ. ದೇವಿಂದ್ರಪ್ಪನವರೇ ಎಲ್ಲರ ಫೋನು ಇಸಿದುಕೊಂಡು ಒತ್ತಿ ಕೊಟ್ಟಿದ್ದರು. ಮೌನೇಶ್ವರಿ ತನ್ನ ಫೋನಿನ ಹೊಟ್ಟೆಯಿಂದ ಅದನ್ನು ಹೊರಗೆ ತೆಗೆದು ಓದಿದಳು.

"ಅಜ್ಜಿ, ದೇವಾಪುರ ಇಪ್ಪತ್ನಾಲ್ಕು ಅಂದ್ರ ಏನು?"

ಹಿಟ್ಟು ತಟ್ಟುತ್ತಿದ್ದ ಅನ್ನಮ್ಮನ ಕೈ ನಿಂತಿತು. ಅವಳು ಮೊದಲು ಮಾಸ್ತರಿಕೆಗೆ ಸೇರಿದ್ದು ದೇವಾಪುರದ ಸಾಲೆಯಲ್ಲಿ. ಊರಿಗೆಲ್ಲ ಒಂದೇ ಫೋನು, ಅಂಚೆ ಕಚೇರಿಯದು, ನಂಬರು ಇಪ್ಪತ್ನಾಲ್ಕು. ಅಂಚೆ ಕಚೇರಿ ಸಾಲೆಯ ಎದುರಿಗಿತ್ತು. ಆ ವರ್ಷ ಒಬ್ಬ ತರುಣ ಲೈನ್‌ಮನ್, ಕೆಡದ ಫೋನನ್ನು ರಿಪೇರಿ ಮಾಡಲು ವಾರಕ್ಕೆ ಮೂರು ಸಲ ಸೈಕಲ್ ತುಳಿದು ಬರುತ್ತಿದ್ದ.

"ಒಂದು ಹಳೇ ನಂಬರು," ಎಂದಳು ಅನ್ನಮ್ಮ. ರೊಟ್ಟಿ ಸೀದು ವಾಸನೆ ಬಂದ ಮೇಲೆ ಹಂಚಿನ ಕಡೆ ನೋಡಿದಳು.

ಹಳೆಯ ಡಬ್ಬಿಯ ಹಸಿರು ದೀಪ ಆರಿತು. ಅನ್ನಮ್ಮ ಅದನ್ನು ಒಗೆದ ಧೋತರದ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಟ್ಯಾಬು ಏನೂ ಆಗಿಲ್ಲವೆಂಬಂತೆ ಹತ್ತಿಕೊಂಡಿತು. ಗಯಾಸ ಹೇಳಿದ್ದು ನಿಜವಾಗಿತ್ತು.

ಮನೆಯಲ್ಲಿ ಯಾವ ಯಾವ ಫೋನು ಹತ್ತಿವೆ ಎಂದು ತೋರಿಸುವ ಪುಟವೊಂದು ಹೊಸ ಡಬ್ಬಿಯಲ್ಲಿತ್ತು. ಮೌನೇಶ್ವರಿ ಅದನ್ನು ಅಜ್ಜಿಯ ಟ್ಯಾಬಿನಲ್ಲಿ ತೆರೆದುಕೊಟ್ಟಳು. ಮೌನೇಶ್ವರಿ, ಭೀಮೇಶ, ಸುಮಾ ಅಂಗನವಾಡಿ, ಅನ್ನಮ್ಮ ಟೀಚರ್. ನಾಲ್ಕು ಹೆಸರು. ಮಧ್ಯಾಹ್ನ ಮೂರೂ ಹತ್ತಕ್ಕೆ ಐದನೆಯದು ಬಂತು.

ದೇವಿಂದ್ರ ಎಲ್.ಎಂ.

ಇಂಗ್ಲಿಷಿನ ದೊಡ್ಡ ಅಕ್ಷರ, ಹೆಸರಿನ ಮುಂದೆ ಎಲ್.ಎಂ. ಲೈನ್‌ಮನ್ನರ ಸಾಮಾನುಗಳು ಒಂದರಲ್ಲಿ ಒಂದು ಬೆರೆತುಹೋಗುತ್ತವೆಂದು ಅವರು ನೌಕರಿಯ ಮೊದಲ ದಿನದಿಂದ ತಂತಿ ಕತ್ತರಿಸುವ ಪಕ್ಕಡಕ್ಕೆ, ಏಣಿಗೆ, ಊಟದ ಡಬ್ಬಿಗೆ ಹೀಗೆಯೇ ಹೆಸರು ಹಾಕುತ್ತಿದ್ದರು. ಚಹಾದ ಸ್ಟೀಲ್ ಲೋಟಕ್ಕೂ ಮೊಳೆಯಿಂದ ಕೆತ್ತಿದ್ದರು. ಫೋನಿಗೂ ಇದೇ ಹೆಸರು ಕೊಟ್ಟಿದ್ದರು. ಆ ಫೋನು ಈಗ ಮಣ್ಣಿನ ಒಳಗಿತ್ತು. ಇಳಿಸುವಾಗ ಭೀಮೇಶನೇ ಪಕ್ಕಡವನ್ನೂ ಫೋನನ್ನೂ ಅವರ ಅಂಗಿಯ ಜೇಬಿನಲ್ಲಿ ಇಟ್ಟಿದ್ದ. "ಇವಿಲ್ದ ಅಪ್ಪಗ ನಿದ್ದಿ ಬರಂಗಿಲ್ಲ" ಎಂದು ಅತ್ತಿದ್ದ.

ಅನ್ನಮ್ಮ ಗಡಿಯಾರ ನೋಡಿದಳು. ಮೂರೂ ಹತ್ತು. ನೌಕರಿಯಲ್ಲಿದ್ದಾಗ ಅವರು ಚಹಾಕ್ಕೆ ಮನೆಗೆ ಬರುತ್ತಿದ್ದ ಹೊತ್ತು.

"ಬಂದ್ರೇನು?" ಎಂದಳು, ದಿನಾ ಕೇಳುತ್ತಿದ್ದ ದನಿಯಲ್ಲೇ.

ಉತ್ತರ ಬರಲಿಲ್ಲ. ಮೂರೂವರೆಗೆ ಹೆಸರು ಅಳಿಸಿಹೋಯಿತು. ನಾಲ್ಕಕ್ಕೆ ಕಿಟಕಿಯಿಂದ ನೋಡಿದರೆ ಮಲ್ಲಿಗೆಯ ಪಾತಿ ಒದ್ದೆಯಾಗಿತ್ತು.

ಮೂರು ದಿನ ಅವಳು ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ಮೌನೇಶ್ವರಿಯೂ ಆ ಹೆಸರು ನೋಡಿಬಿಟ್ಟಳು. ಸಂಜೆಯ ಹೊತ್ತಿಗೆ ಮನೆಗೆಲ್ಲ ಗೊತ್ತಾಯಿತು.

"ಬ್ಯಾಟರಿ ಐದು ತಿಂಗಳ ಇರತದೇನು?" ಎಂದಳು ಮೌನೇಶ್ವರಿ. ಮಾತು ಧೈರ್ಯದ್ದಾಗಿತ್ತು, ಕೈ ಮಾತ್ರ ಅವ್ವನ ಸೆರಗು ಹಿಡಿದಿತ್ತು. "ಮಣ್ಣಾಗಿಂದ ಸಿಗ್ನಲ್ ಬರತದೇನು?"

"ಗುಡ್ಡದ ತನಕಾ ಹೋಗತದ ಅಂದಿಲ್ಲೇನು ಆ ಗಯಾಸ?" ಎಂದಳು ಸುಮಲತಾ. "ಅತ್ತಿ, ನಾಳೆ ಎಡಿ ಮಾಡಿ ಇಟ್ಟು ಬರೂಣು. ಮಾವಗ ಏನೋ ಆಸಿ ಉಳದದ."

"ಆಸಿನೂ ಇಲ್ಲ, ಗೀಸಿನೂ ಇಲ್ಲ," ಎಂದ ಭೀಮೇಶ. "ಯಾವನೋ ನಮ್ಮ ನೆಟ್ಟು ಪುಕಟ ತಿನ್ನಾಕತ್ಯಾನ. ಹೆಸರು ಯಾರಾರ ಇಟ್ಟಕೋಬಹುದು."

"ನಿಮ್ಮಪ್ಪನ ಹೆಸರು ಯಾರು ಇಟ್ಟಕೋತಾರೊ?" ಎಂದಳು ಅನ್ನಮ್ಮ ಮೆಲ್ಲಗೆ.

ಸುಮಲತಾ ಹೋಳಿಗೆ ಮಾಡಿ, ಅನ್ನ ಸಾರು ಮಾಡಿ ಗುಡ್ಡದ ಮಗ್ಗುಲಿಗೆ ಎಡೆ ಇಟ್ಟು ಬಂದಳು. ಮೂರೂ ಹತ್ತಕ್ಕೆ ಹೆಸರು ಬಂತು. ಆಮೇಲೆ ಒಂದು ಲಿಂಬೆಹಣ್ಣು, ಏಳು ಮೆಣಸಿನಕಾಯಿ ಪೋಣಿಸಿ ಡಬ್ಬಿಯ ಕಡ್ಡಿಗೆ ಕಟ್ಟಿದಳು. ಬಿಲ್ಲಿಗೆಂದು ಬಂದ ಗಯಾಸ ಅದನ್ನು ನೋಡಿ, "ಅಕ್ಕಾರ, ಲಿಂಬಿಹಣ್ಣಿಗೂ ಪಾಸ್‌ವರ್ಡು ಕೊಟ್ಟೀರೇನು?" ಎಂದ. ಸುಮಲತಾ ನಗಲಿಲ್ಲ. ಮೂರೂ ಹತ್ತಕ್ಕೆ ಹೆಸರು ಬಂದೇ ಬಂತು.

ಅನ್ನಮ್ಮ ಈಗ ಮೂರು ಗಂಟೆಗೇ ಚಹಾಕ್ಕೆ ಇಡುತ್ತಿದ್ದಳು. ಎಲ್.ಎಂ. ಎಂದು ಕೆತ್ತಿದ ಲೋಟಕ್ಕೆ ಸೋಸಿ ಟ್ಯಾಬಿನ ಎದುರು ಇಡುವಳು. ಹೆಸರು ಬಂದಾಗ "ಬಂದ್ರೇನು?" ಎನ್ನುವಳು. ಇಪ್ಪತ್ತು ನಿಮಿಷ ಅದನ್ನೇ ನೋಡುತ್ತ ಕೂಡುವಳು. ಚಹಾ ಕೆನೆಗಟ್ಟಿ ಆರಿಹೋಗುವುದು. ಸೊಸೆ ಬರುವುದರೊಳಗೆ ಲೋಟ ತೊಳೆದಿಡುವಳು. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ನಳ ಬರುವ ಊರು. ತೊಳೆದ ನೀರನ್ನೂ ಚೆಲ್ಲದೆ ಬಕೆಟ್ಟಿನಲ್ಲಿ ಹಿಡಿದಿಡುವಳು.

ಸೊಸೆಗೆ ಗೊತ್ತಾಗದೆ ಇರಲಿಲ್ಲ.

"ಬೆಳಿಗ್ಗೆ ಹಾಲು ತಂದಿಟ್ಟಿರತೀನಿ, ಸಂಜಿಕ್ಕ ಇರಂಗಿಲ್ಲ," ಎಂದಳು ಒಂದು ದಿನ, ಪಾತ್ರೆಗೆ ಹೇಳುವವಳಂತೆ. "ಇದ್ದೋರು ಬರೇ ಡಿಕಾಕ್ಷನ್ ಕುಡೀಬೇಕು, ಇಲ್ಲದವರಿಗೆ ಗಟ್ಟಿ ಹಾಲಿನ ಚಹಾ."

"ನನ್ನ ಪಾಲಿಂದು ಅವರಿಗೆ ಕೊಡತೀನಿ. ನನಗ ಬ್ಯಾಡ ಬಿಡು."

"ಹಾಲಿನ ಮಾತಲ್ಲತ್ತಿ," ಎನ್ನುತ್ತಲೇ ಸುಮಲತಾ ಅತ್ತಳು. "ನೀವು ಮಧ್ಯಾಹ್ನ ಉಣ್ಣೂದು ಬಿಟ್ಟೀರಿ. ಬೆಳಿಗ್ಗೆ ಕಟ್ಟಿಟ್ಟ ರೊಟ್ಟಿ ಹಂಗ ಇರತದ. ಎಲ್ಲಾ ನೋಡೀನಿ ನಾ."

ಅಂದಿನಿಂದ ಸುಮಲತಾ ಅಂಗನವಾಡಿಗೆ ಹೋಗುವಾಗ ರೊಟ್ಟಿಯ ಮೇಲೆ ಶೇಂಗಾಹಿಂಡಿಯ ಜೊತೆ ಒಂದು ತುಂಡು ಬೆಲ್ಲವನ್ನೂ ಇಡತೊಡಗಿದಳು, ಮಕ್ಕಳಿಗೆ ಇಟ್ಟಂತೆ. ಅನ್ನಮ್ಮ ಬೆಲ್ಲ ತಿನ್ನುವಳು, ರೊಟ್ಟಿ ಉಳಿಯುವುದು.

ಹೆಂಡತಿಯಿಂದ ಇದೆಲ್ಲ ಕೇಳಿದ ಭೀಮೇಶ ಒಂದು ಗುರುವಾರ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಮಗಳ ಕೈಯಿಂದ ಆ ಹೆಸರಿಗೆ ತಡೆ ಹಾಕಿಸಿದ. ಅಂದು ಮೂರೂ ಹತ್ತಾಯಿತು. ಮೂರೂ ಹದಿನೈದಾಯಿತು. ಅನ್ನಮ್ಮ ಟ್ಯಾಬನ್ನು ಸೆರಗಿನಿಂದ ಒರೆಸಿ ನೋಡಿದಳು. ನಾಲ್ಕೇ ಹೆಸರು. ನಾಲ್ಕೂವರೆಗೆ ಮೌನೇಶ್ವರಿ ತಡೆಯಲಾರದೆ ಹೇಳಿಬಿಟ್ಟಳು.

ಸಂಜೆ ಭೀಮೇಶ ಚಪ್ಪಲಿ ಬಿಡುವಷ್ಟರಲ್ಲಿ ಅನ್ನಮ್ಮ ಎದುರು ನಿಂತಿದ್ದಳು.

"ನಿಮ್ಮಪ್ಪಗ ಮನಿಗೆ ಬರಬ್ಯಾಡ ಅಂದ್ಯಾ?"

"ಅವ್ವಾ."

"ಅವರು ಕಟ್ಟಿಸಿದ ಮನಿ ಇದು."

"ಅಪ್ಪ ಕುಣ್ಯಾಗ ಅದಾನ," ಎಂದ ಭೀಮೇಶ. ಟಿಕೆಟಿನ ಚೀಲ ಇನ್ನೂ ಹೆಗಲಲ್ಲೇ ಇತ್ತು. "ಈ ಕೈಲೆ ಇಳಿಸೀನಿ. ಈ ಕೈಲೆ ಮಣ್ಣು ಹಾಕೀನಿ. ನೀ ದಿನಾ ಕರದ್ರ ನನಗ ದಿನಾ ಮಣ್ಣು ಹಾಕಿದಂಗ ಆಗತದ, ತಿಳೀತೇನು?"

ಅನ್ನಮ್ಮ ಮಗನ ಅಂಗೈ ನೋಡಿದಳು. ಆ ರಾತ್ರಿ ಮನೆಯಲ್ಲಿ ರೊಟ್ಟಿಯ ಬುಟ್ಟಿ ಹಾಗೇ ಉಳಿಯಿತು.

ಐದು ದಿನ ಹೆಸರು ಬರಲಿಲ್ಲ. ಅನ್ನಮ್ಮ ಚಹಾಕ್ಕೆ ಇಡಲಿಲ್ಲ. ಆದರೆ ಅಭ್ಯಾಸ ಹೋಗುವುದಿಲ್ಲವಲ್ಲ, ನಾಲ್ಕು ಗಂಟೆಗೆ ಹಿಂದಿನ ಕಿಟಕಿಗೆ ಹೋಗುತ್ತಿದ್ದಳು. ಐದು ದಿನವೂ ಪಾತಿ ಒದ್ದೆ. ಹೆಸರಿಗೆ ತಡೆ ಬಿದ್ದಿತ್ತು, ನೀರಿಗೆ ಬಿದ್ದಿರಲಿಲ್ಲ.

ಆರನೆಯ ದಿನ ಅವಳು ಪಡಸಾಲೆಯಲ್ಲಿ ಕೂಡಲಿಲ್ಲ. ಮೂರು ಗಂಟೆಗೇ ಹಿಂದಿನ ಕೋಣೆಗೆ ಬಂದು, ಬಾಗಿಲಿಗೆ ಕಿವಿ ಕೊಟ್ಟು ನಿಂತಳು. ಆಚೆ ಸಣ್ಣಗೆ ಹೆಜ್ಜೆ ಸಪ್ಪಳ. ನಿಂತಿತು. ಮತ್ತೆ ನಡೆಯಿತು. ಯಾರೋ ನಿಟ್ಟುಸಿರು ಬಿಟ್ಟಂತಾಯಿತು. ಅನ್ನಮ್ಮ ಅಗಳಿಗೆ ಕೈ ಹಾಕಿದಳು. ಐದು ತಿಂಗಳ ಜಂಗು ಹಿಡಿದ ಅಗಳಿ ಕಿರ್ರೆಂದು ಸರಿಯಿತು.

ಮಲ್ಲಿಗೆಯ ಕೆಳಗೆ ಕುಬ್ರಾಬೇಗಂ ನಿಂತಿದ್ದಳು. ಹಿಂದಿನ ಓಣಿಯ ಮನೆಯವಳು, ಪಂಕ್ಚರ್ ಅಂಗಡಿಯ ಜಲಾಲುದ್ದೀನನ ಹೆಂಡತಿ. ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದು ಕೈಯಲ್ಲಿ ಆಕಾಶಕ್ಕೆ ಎತ್ತಿ ಹಿಡಿದ ಹಳೆಯ ಫೋನು. ಫೋನಿನ ಬೆನ್ನ ಮೇಲೆ ಮೊಳೆಯಿಂದ ಕೆತ್ತಿದ ಅಕ್ಷರಗಳಿದ್ದವು: ದೇವಿಂದ್ರ ಎಲ್.ಎಂ.

ಅನ್ನಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನೀವೇನು?" ಎಂದಳು. "ದಿನಾ ಬರತಿದ್ದವರು ನೀವೇನು?"

"ಮಾಫ್ ಮಾಡ್ರಿ ಅಕ್ಕಾರ." ಕುಬ್ರಾಬೇಗಂ ಫೋನನ್ನು ಸೆರಗಿನಲ್ಲಿ ಮುಚ್ಚಲು ನೋಡಿದಳು, ಆಮೇಲೆ ಮುಚ್ಚದೆ ಮುಂದೆ ಹಿಡಿದಳು. "ಅಣ್ಣಾರು ಹೊಸಾ ಫೋನ್ ತಗೊಂಡಾಗ ಇದನ್ನ ನನಗ ಕೊಟ್ಟಿದ್ರು. ನಮ್ಮ ಅಂಬರೀನ ಸೌದಿಯ ದಮ್ಮಾಮದಾಗ ಅದಾಳಲ್ರಿ, ಅಳಿಯ ಇನಾಯತನ ಜೋಡಿ. ನಮ್ಮನ್ಯಾಗ ಇರೋದು ಬಟನ್ ಫೋನು, ಅದರಾಗ ಮಾರಿ ಕಾಣಂಗಿಲ್ಲ. ಈ ಕಲ್ಲಿನ ಮ್ಯಾಲ ಕುಂತ್ರ ನಿಮ್ಮ ನೆಟ್ಟು ಸಿಗತದ, ದಿನಾ ಮಗಳ ಮಾರಿ ನೋಡು ತಂಗಿ ಅಂದಿದ್ರು. ಅಕಿ ಅಲ್ಲಿ ಮಧ್ಯಾಹ್ನದ ಜೋಹರ್ ನಮಾಜ್ ಮುಗಿಸಿ ಕುಂತಾಗ ನಮಗಿಲ್ಲಿ ಮೂರೂ ಹತ್ತು."

"ಹೆಸರು?"

"ಬದಲ ಮಾಡಿಕೊಡತೀನಿ ಅಂದ್ರು. ನಾನ ಬ್ಯಾಡಂದೆ. ಕೊಟ್ಟವರ ಹೆಸರು ಇರಲಿ ಅಂತ."

"ಈ ನೀರು?"

"ಪುಕಟ ಹೆಂಗ ಕೂಡಲ್ರಿ? ಅಣ್ಣಾರ ಬಳ್ಳಿ ಒಣಗಾಕತ್ತಿತ್ತು. ನಿಮಗ ತ್ರಾಸ ಆಗಬಾರದಂತ ಮೆಲ್ಲಕ ಮಾತಾಡಿ ಹೋಗತಿದ್ದೆ." ತಂಬಿಗೆ ಕೆಳಗಿಟ್ಟಳು. "ಆರು ದಿನ ಆತ್ರಿ, ಹತ್ತವಲ್ದು. ಅಂಬರೀನಗ ನಿನ್ನಿ ಹೆರಿಗಿ ಆಗ್ಯಾದ. ಹೆಣ್ಣು ಕೂಸು. ನಮ್ಮ ಬಟನ್ ಫೋನಿಗೆ ಎರಡ ಮಾತು ಬಂದು ಕಟ್ಟಾತು. ಕೂಸಿನ ಮಾರಿ ನೋಡಿಲ್ಲ, ಮಗಳ ಮಾರಿ ನೋಡಿಲ್ಲ."

"ಕೇಳಬಾರದಾಗಿತ್ತೇನು ಕುಬ್ರಾಬೀ? ಇಷ್ಟ ಹತ್ರ ಇದ್ದು?"

ಕುಬ್ರಾಬೇಗಂ ನೆಲ ನೋಡಿದಳು. "ಬಾಗಲಾ ಹಾಕಿತ್ತಲ್ರಿ."

ಅನ್ನಮ್ಮ ತಿರುಗಿ ನೋಡಿದಳು. ಒಳಗೆ ಪಡಸಾಲೆಯ ಗೋಡೆಯ ಮೇಲೆ ಲಿಂಬೆಹಣ್ಣು ಕಟ್ಟಿಸಿಕೊಂಡ ಡಬ್ಬಿ ಮಿನುಗುತ್ತಿತ್ತು. ಈಗ ಒಳಗೆ ಹೋಗಿ ಅಗಳಿ ಹಾಕಿಕೊಂಡರೆ, ನೋಡಿಲ್ಲವೆಂದು ತನಗೆ ತಾನೇ ಹೇಳಿಕೊಂಡರೆ, ಅವರು ಮೂರೂ ಹತ್ತಕ್ಕೆ ಬರುತ್ತಿದ್ದದ್ದು ನಿಜವಾಗಿಯೇ ಉಳಿಯುತ್ತಿತ್ತು.

"ಮೌನೂ," ಎಂದು ಕೂಗಿದಳು. "ತಡಿ ತೆಗಿ. ಈಗಿಂದೀಗ ತೆಗಿ."

"ಯಾವ ತಡಿ ಅಜ್ಜಿ? ಅಪ್ಪ ಬೈತಾನ."

"ನಿಮ್ಮಪ್ಪಗ ನಾ ಹೇಳತೀನಿ. ಕೂಸು ಕಾಯಾಕತ್ತದ, ತೆಗಿ."

ಫೋನು ಹತ್ತಿಕೊಳ್ಳಲು ನಾಲ್ಕೈದು ನಿಮಿಷ ಬೇಕಾಯಿತು. ಆಮೇಲೆ ಮಲ್ಲಿಗೆಯ ಕೆಳಗಿನಿಂದ ಮೊದಲು ನಗು, ಹಿಂದೆಯೇ ಅಳು ಕೇಳಿಸಿತು. ಅನ್ನಮ್ಮ ಅಲ್ಲಿ ನಿಲ್ಲಲಿಲ್ಲ. ಟ್ರಂಕು ತೆರೆದು, ಧೋತರದ ತುಂಡಿನಲ್ಲಿ ಸುತ್ತಿದ ಹಳೆಯ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸಂಜೆಯವರೆಗೆ ಕೂತಳು. ಸುಮಲತಾ ಅಂಗನವಾಡಿಯಿಂದ ಬಂದು, ಹತ್ತಿರ ಕೂತು ಅತ್ತೆಯ ಕಾಲು ಒತ್ತಿದಳು.

ಭೀಮೇಶನಿಗೆ ಮರುದಿನ ವಾರದ ರಜೆ. ಅಂಗಳದ ಕಟ್ಟೆಯ ಮೇಲೆ ಕೂತು ಅವನು ಎಲ್ಲವನ್ನೂ ಕೇಳಿದ. ಆಮೇಲೆ ಎದ್ದು ಎಣ್ಣೆಯ ಬಾಟಲಿ ತಂದು ಹಿಂದಿನ ಬಾಗಿಲ ಅಗಳಿಗೆ ಎಣ್ಣೆ ಬಿಟ್ಟ, ಲಿಂಬೆಹಣ್ಣು ಬಿಚ್ಚಿ ಎಸೆದ.

"ಅವ್ವಾ, ಇದರಾಗ ಆ ಹೆಸರು ಅಳಿಸಿ ಕುಬ್ರಾಬೀ ಅಂತ ಬರೀಬಹುದಂತ. ಮೌನೂಗ ಬರತದ. ಬರಸಲೇನು?"

ಅನ್ನಮ್ಮ ಚಹಾ ಸೋಸುತ್ತಿದ್ದಳು. ಆರು ದಿನದ ಮೇಲೆ ಇಟ್ಟ ಚಹಾ.

"ಅವರು ಬರೆದಿಟ್ಟದ್ದು," ಎಂದಳು. "ನಾವ್ಯಾಕ ಅಳಸಬೇಕು?"

ಭೀಮೇಶ ಎಣ್ಣೆಯ ಬಾಟಲಿ ಒಳಗಿಟ್ಟು ಬಂದ.

ಹಿಂದಿನ ಬಾಗಿಲು ತೆರೆದಿತ್ತು. ಬಿಸಿಲು ಕೋಣೆಯ ನಡುವಿನವರೆಗೆ ಬಂದು ಬಿದ್ದಿತ್ತು. ಅನ್ನಮ್ಮ ಟ್ಯಾಬನ್ನು ಅಲ್ಲೇ ತಂದಿಟ್ಟುಕೊಂಡು ಕೂತಳು. ಮೌನೇಶ್ವರಿ, ಭೀಮೇಶ, ಸುಮಾ ಅಂಗನವಾಡಿ, ಅನ್ನಮ್ಮ ಟೀಚರ್. ಗಡಿಯಾರ ಮೂರೂ ಹತ್ತಕ್ಕೆ ಬಂತು.

ದೇವಿಂದ್ರ ಎಲ್.ಎಂ.

ಗೊತ್ತಿದ್ದೂ ಬಾಯಿ ತಡೆಯಲಿಲ್ಲ.

"ಬಂದ್ರೇನು?"

"ಬಂದೀನ್ರಿ ಅಕ್ಕಾರ," ಎಂದಿತು ಮಲ್ಲಿಗೆಯ ಆಚೆಯಿಂದ ದನಿ. ಅದರ ಹಿಂದೆಯೇ, ಬಹಳ ದೂರದಿಂದ, ಎಳೆಯ ಕೂಸೊಂದು ಅಳತೊಡಗಿತು.

ಅನ್ನಮ್ಮ ಹೆಸರು ಕೆತ್ತಿದ ಲೋಟವನ್ನು ಎತ್ತಿಕೊಂಡು ಹೊಸ್ತಿಲು ದಾಟಿದಳು. ಚಹಾ ಇನ್ನೂ ಆರಿರಲಿಲ್ಲ.